ಪಂದಿಕರಿ ತಿನ್ನದೆ ಮಸಲ್ ಬರುತ್ತಾ?

ಪ್ರಶ್ನೆ (ಗೋಣಿಕೊಪ್ಪ): ಮೇಡಂ, ವಯಸ್ಸು 24, ತೂಕ 60 ಕೆ.ಜಿ. ಹಾಕಿ ಆಡ್ತೇನೆ, ವಾರಕ್ಕೆ 4 ದಿನ ಜಿಮ್. ಹಾಲು-ಮೊಸರು ಉಂಟು, ಮೊಟ್ಟೆ-ಮಾಂಸ ಇಲ್ಲ. ಬೆಳಗ್ಗೆ ಅಕ್ಕಿರೊಟ್ಟಿ-ಚಟ್ನಿ, ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಕಡಂಬುಟ್ಟು (ಅಕ್ಕಿಯ ಉಂಡೆ) ಜೊತೆ ಕಣಿಲೆ (ಎಳೆ ಬಿದಿರು) ಅಥವಾ ಅಣಬೆ. ದಿನಕ್ಕೆ 3 ಕಾಫಿ. 4 ತಿಂಗಳಾದರೂ ಎತ್ತುವ ಭಾರ ಏರಿಲ್ಲ. ಪಂದಿಕರಿ (ಹಂದಿಮಾಂಸದ ಕರಿ) ತಿನ್ನದೆ ಆಗಲ್ಲ ಅಂತಾರೆ ಟೀಮಿನವರು. ನಿಜವಾ?

ಉತ್ತರ: ನಿಜವಲ್ಲ. ನಿಮಗೆ ಕಡಿಮೆ ಬಿದ್ದಿರುವುದು ಪ್ರೋಟೀನು. ಭಾರ ಎತ್ತುವವರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 1.6 ಗ್ರಾಂ ಬೇಕು, ನಿಮಗೆ 96 ಗ್ರಾಂ. ನೀವು ಬರೆದ ಊಟದಲ್ಲಿ 45 ಸಿಕ್ಕರೆ ಹೆಚ್ಚು. ಕಣಿಲೆ, ಅಣಬೆ ರುಚಿಗೆ ಸರಿ, ಆದರೆ 100 ಗ್ರಾಂಗೆ ಸುಮಾರು 3 ಗ್ರಾಂ ಅಷ್ಟೇ.

ಬ್ರೆಜಿಲ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಲನ್ನೂ ಮುಟ್ಟದ ಯುವಕರಿಗೆ ಸೋಯಾ ಪುಡಿ, ಮಾಂಸ ತಿನ್ನುವವರಿಗೆ ವೇ (ಹಾಲಿನ ಪ್ರೋಟೀನು) ಪುಡಿ ಕೊಟ್ಟು ಇಬ್ಬರಿಗೂ 1.6 ಗ್ರಾಂ ತುಂಬಿಸಿದ್ದರು. 12 ವಾರ ಕಾಲಿನ ವ್ಯಾಯಾಮದ ನಂತರ ಸ್ನಾಯುವಿನ ಗಾತ್ರ, ಬಲ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ.

ಹೀಗೆ ಮಾಡಿ: ಬೆಳಗ್ಗೆ 2 ರೊಟ್ಟಿಗೆ 40 ಗ್ರಾಂ ಕಡಲೆಕಾಳಿನ ಪಲ್ಯ, ಒಂದು ಲೋಟ ಹಾಲು (ಪ್ರೋಟೀನು 23 ಗ್ರಾಂ). ಮಧ್ಯಾಹ್ನ ಅನ್ನಕ್ಕೆ 40 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ, 200 ಗ್ರಾಂ ಮೊಸರು (22). ಸಂಜೆ 30 ಗ್ರಾಂ ಶೇಂಗಾ, ಹಾಲು (15). ರಾತ್ರಿ ಕಡಂಬುಟ್ಟಿಗೆ 50 ಗ್ರಾಂ ಸೋಯಾ ಚಂಕ್ಸ್ (33). ಕಾಳು, ಬೇಳೆ, ಸೋಯಾ ಎಲ್ಲ ಒಣಗಿದ್ದಾಗಲೇ ತೂಗಿ. ನೆನೆದ ಮೇಲೆ ತೂಗಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಸೋಯಾವನ್ನು ಉಪ್ಪುನೀರಲ್ಲಿ 10 ನಿಮಿಷ ಕುದಿಸಿ, ತಣ್ಣೀರಲ್ಲಿ ಎರಡು ಸಲ ಹಿಂಡಿ. ಹಿಂಡದಿದ್ದರೆ ಹಸಿವಾಸನೆ ಉಳಿಯುತ್ತದೆ, ಮಸಾಲೆ ಒಳಗೆ ಇಳಿಯುವುದಿಲ್ಲ. ಪಂದಿಕರಿಗೆ ಹಾಕುವ ಹುರಿದ ಕರಿಮಸಾಲೆ, ಕಾಚಂಪುಳಿ (ಕಪ್ಪು ಹುಳಿರಸ) ಇದಕ್ಕೂ ಚೆನ್ನಾಗಿ ಹೊಂದುತ್ತವೆ. ಮೊದಲ ವಾರ 25 ಗ್ರಾಂ ಸೋಯಾ ಸಾಕು, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

ಕಾಫಿಯನ್ನು ಊಟದ ಜೊತೆ ಬೇಡ, ಊಟಕ್ಕೆ ಒಂದು ಗಂಟೆ ಮೊದಲೇ ಕುಡಿಯಿರಿ. ಕಾಳು-ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಊಟಕ್ಕೆ ನಿಂಬೆರಸವೋ ನಮ್ಮ ಕೊಡಗಿನ ಕಿತ್ತಳೆಯೋ ಇದ್ದರೆ ಹೆಚ್ಚು ಹತ್ತುತ್ತದೆ. ವಿಟಮಿನ್ ಬಿ12 ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ (ವಿರಾಜಪೇಟೆ): ಹಾಗಾದರೆ ಮಾಂಸದಿಂದ ಹೆಚ್ಚುವರಿ ಲಾಭವೇ ಇಲ್ವಾ ಮೇಡಂ?

ಉತ್ತರ: ಒಂದುಂಟು, ಕ್ರಿಯಾಟಿನ್. ಓಟ, ಭಾರದಂಥ ಕ್ಷಣದ ಬಲಕ್ಕೆ ಬೇಕಾದದ್ದು. ಮಾಂಸ, ಮೀನಿನಲ್ಲಿದೆ, ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಕಡಿಮೆ. ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ, ನೀರಲ್ಲಿ ಕಲಸಿ ಕುಡಿದರೆ 3-4 ವಾರದಲ್ಲಿ ಸ್ನಾಯುವಿನ ಸಂಗ್ರಹ ತುಂಬಿಕೊಳ್ಳುತ್ತದೆ. ತೂಕ ಒಂದು ಕೆ.ಜಿ.ಯಷ್ಟು ಏರಬಹುದು, ಅದು ನೀರು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆಯೆಂದು ನೋಡುವ ಅಳತೆ) ಹೆಚ್ಚು ಕಾಣಬಹುದು, ಡಾಕ್ಟರಿಗೆ ಮೊದಲೇ ತಿಳಿಸಿ. ಕಿಡ್ನಿ ತೊಂದರೆ ಇರುವವರು ಅವರನ್ನು ಕೇಳದೆ ಕ್ರಿಯಾಟಿನ್ ಮುಟ್ಟಬೇಡಿ, ಪ್ರೋಟೀನನ್ನೂ ಏರಿಸಬೇಡಿ.

ಮಾಂಸ ತಿನ್ನುವವರೂ ಲೆಕ್ಕ ಹಾಕಿ. ಕೊಬ್ಬಿನ ತುಂಡುಗಳೇ ಹೆಚ್ಚಿರುವ ಪಂದಿಕರಿಯಲ್ಲಿ ಪ್ರೋಟೀನು ನೀವಂದುಕೊಂಡಷ್ಟು ಇರುವುದಿಲ್ಲ. ಭಾನುವಾರ ತಿಂದದ್ದು ಗುರುವಾರದ ಜಿಮ್ಮಿಗೆ ಬರುವುದೂ ಇಲ್ಲ.