ಊರವರು ಡಿಸ್ಮಿಸ್ ಅಂತಾರೆ. 14 ವರ್ಷ 4 ತಿಂಗಳ ಸೇವೆ, ಈಗ ಏನಾದರೂ ಮಾಡಬಹುದಾ?

ಶಹಾಪುರದ ಸಿಪಾಯಿ

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನವನು. 2001ರ ಮಾರ್ಚ್‌ನಲ್ಲಿ ಸೇನೆ ಸೇರಿದೆ, 2015ರ ಜುಲೈಯಲ್ಲಿ ಮನೆಗೆ ಬಂದೆ. ಬಂದೆ ಅನ್ನೋದಕ್ಕಿಂತ ಕಳಿಸಿದರು ಅನ್ನಬೇಕು.

ನಾಲ್ಕು ರೆಡ್ ಇಂಕ್, ಅಂದರೆ ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷೆ. ಒಂದು ಕುಡಿದಿದ್ದಕ್ಕೆ, ಅದಕ್ಕೆ ನೆಪ ಹೇಳಲ್ಲ. ಉಳಿದ ಮೂರು ರಜೆ ಮುಗಿದ ಮೇಲೂ ಊರಲ್ಲಿ ಉಳಿದಿದ್ದಕ್ಕೆ. ಮೊದಲ ಸಲ ಅಪ್ಪನಿಗೆ ಲಕ್ವ ಹೊಡೆದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅವರ ಮಂಚದ ಕೆಳಗೇ ಮಲಗುತ್ತಿದ್ದೆ. ಎರಡನೇ ಸಲದ್ದು ಹೇಳಿದರೆ ನಗುತ್ತೀರಿ: ತೊಗರಿ ರಾಶಿ. ಅಪ್ಪ ಎದ್ದು ಕೂರುವ ಹಾಗಿರಲಿಲ್ಲ, ತಮ್ಮ ಸಣ್ಣವನು. ಹೊಲದಲ್ಲಿ ನಿಂತರೆ ಬಿಸಿಲಿಗೆ ಕಾಯಿ ಪಟಪಟ ಸಿಡಿಯುವ ಸದ್ದು ಕೇಳುತ್ತಿತ್ತು. ಒಂದೊಂದು ಸಿಡಿದರೂ ಸಾಲದ ಕಂತು ನೆಲಕ್ಕೆ ಬಿದ್ದ ಹಾಗೆ. ರಾಶಿ ಮುಗಿಸಿ ಯಾದಗಿರಿ ಸ್ಟೇಷನ್ನಿಗೆ ಹೋಗುವಾಗ 11 ದಿನ ತಡ ಆಗಿತ್ತು. ಮೂರನೇ ಸಲ ಅಪ್ಪ ತೀರಿಕೊಂಡರು. ಫೋನ್ ಮಾಡಿ ರಜೆ ಹೆಚ್ಚಿಗೆ ಕೇಳಿದ್ದೆ, ಬರೆದು ಕಳಿಸಿರಲಿಲ್ಲ.

ಪ್ರತಿ ಸಲ ಅದೇ. ಟೋಪಿ, ಬೆಲ್ಟ್ ತೆಗೆಸಿ ಸಿಒ (ಕಮಾಂಡಿಂಗ್ ಆಫೀಸರ್) ಸಾಹೇಬರ ಮುಂದೆ ಮಾರ್ಚ್ ಮಾಡಿಸುತ್ತಿದ್ದರು. ಎರಡು ನಿಮಿಷದ ಮಾತು. ಒಂದು ಸಲ 28 ದಿನ ಸೆರೆಯಲ್ಲೂ ಕೂತು ಬಂದೆ.

ಊರಲ್ಲಿ ನನ್ನ ಹೆಸರೇ ಈಗ 'ಡಿಸ್ಮಿಸ್ ಮಿಲಿಟ್ರಿ'. ಮೊನ್ನೆ ಒಂದು ಕಡೆ ಗಾರ್ಡ್ ಕೆಲಸ ಇತ್ತು. ಡಿಸ್ಚಾರ್ಜ್ ಬುಕ್ ತನ್ನಿ ಅಂದರು. ನಾನು ತಿರುಗಿ ಹೋಗಲಿಲ್ಲ. ಬುಕ್ಕು ಟ್ರಂಕಿನ ತಳದಲ್ಲಿದೆ, ಹತ್ತು ವರ್ಷದಿಂದ ತೆಗೆದಿಲ್ಲ. ಯೂಟ್ಯೂಬಿನಲ್ಲಿ 'ಡಿಸ್ಚಾರ್ಜ್ ಅಪ್‌ಗ್ರೇಡ್' ಅಂತ ನೋಡಿದೆ. ಒಂದು ಫಾರಂ ತುಂಬಿದರೆ ಸರಿ ಮಾಡಿಕೊಡುತ್ತಾರಂತೆ. ಹೌದಾ?

ಭಾಲ್ಕಿ ಹವಾಲ್ದಾರ್

ರಾಮ್ ರಾಮ್ ಭಾಯ್. ಮೊದಲು ಒಂದು ಮಾತು ಹೇಳಿ. ಮನೆಗೆ ಬಂದ ಮೇಲೆ ಖಾತೆಗೆ ಗ್ರಾಚುಟಿ ಬಂತಾ? ಎಎಫ್‌ಪಿಪಿ ಫಂಡ್ ಅಲ್ಲ, ಅದು ನಿಮ್ಮದೇ ಸಂಬಳ ಕಡಿದ ದುಡ್ಡು. ಗ್ರಾಚುಟಿ ಬಂದಿದ್ದರೆ ನೀವು ಡಿಸ್ಮಿಸ್ ಆಗಿಲ್ಲ. ಡಿಸ್ಮಿಸ್ ಆದವನಿಗೆ ಪೆನ್ಷನ್ನೂ ಇಲ್ಲ, ಗ್ರಾಚುಟಿಯೂ ಇಲ್ಲ, ರಾಷ್ಟ್ರಪತಿಗಳು ವಿಶೇಷವಾಗಿ ಕೊಟ್ಟರೆ ಮಾತ್ರ ಉಂಟು. ರೆಡ್ ಇಂಕ್ ಮೇಲೆ ಕಳಿಸುವುದು ಸಾಮಾನ್ಯವಾಗಿ ಡಿಸ್ಚಾರ್ಜ್, ಆರ್ಮಿ ರೂಲ್ 13ರ ಕೆಳಗೆ. ಎರಡೂ ಮನೆಗೇ ಕಳಿಸುತ್ತವೆ, ಆದರೆ ನೆಲಕ್ಕೂ ಮುಗಿಲಿಗೂ ಇರುವಷ್ಟು ಫರಕು.

ಇನ್ನೊಂದು. ಆರ್ಮಿ ಆಕ್ಟ್ 23ನೇ ಸೆಕ್ಷನ್ ಪ್ರಕಾರ ಹೊರಗೆ ಹೋಗುವ ಜವಾನನಿಗೆ ಸರ್ಟಿಫಿಕೇಟ್ ಕೊಡಬೇಕು. ಯಾರು ತೆಗೆದರು, ಯಾವ ಕಾರಣಕ್ಕೆ, ಒಟ್ಟು ಎಷ್ಟು ಸೇವೆ ಅಂತ. ಅದೂ ಇಂಗ್ಲಿಷ್ ಜೊತೆಗೆ ಅವನ ಮಾತೃಭಾಷೆಯಲ್ಲಿ. ನಿಮಗೆ ಕನ್ನಡದಲ್ಲಿ ಕೊಟ್ಟರಾ ನೋಡಿ. ಟ್ರಂಕ್ ತೆಗೀರಿ ಮೊದಲು. ಊರವರ ಬಾಯಿಂದ ಅಲ್ಲ, ಕಾಗದದಿಂದ ಕೇಳಬೇಕು ಇದನ್ನು.

ಬೀದರ್ ಮಾಜಿ

ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದರೆ ಕೇಳದೆ ಇರಲಾರೆ. ನಮ್ಮ ಅಪ್ಪ ತೀರಿದಾಗ ನಾನು ಗ್ಲೇಸಿಯರ್ ಮೇಲಿದ್ದೆ. ಮಣ್ಣಿಗೆ ಬರಲು ಆಗಲಿಲ್ಲ. ನೀವು ತೊಗರಿ ರಾಶಿ ಮಾಡುವಾಗ ನಿಮ್ಮ ಸೆಂಟ್ರಿ ಡ್ಯೂಟಿ ಯಾರು ಮಾಡಿದರು?

ಕೋರ್ಟ್ ರಸ್ತೆ, ಕಲಬುರಗಿ

ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಇಂಥ ಎರಡು ಮೂರು ಫೈಲು ಕಂಡಿದ್ದೇನೆ. ಯೂಟ್ಯೂಬಿನದು ಅಮೆರಿಕದ ಕಥೆ. ಅಲ್ಲಿ ಇದಕ್ಕೆಂದೇ ಮಂಡಳಿ ಇದೆ. ಡಿಸ್ಚಾರ್ಜ್ ಆದ 15 ವರ್ಷದೊಳಗೆ ಡಿಡಿ 293 ಅನ್ನುವ ಫಾರಂ ಕೊಟ್ಟರೆ, 'ಜನರಲ್' ಇದ್ದದ್ದನ್ನು 'ಆನರಬಲ್' ಮಾಡಬೇಕಾ ಅಂತ ಅವರು ವಿಚಾರಿಸುತ್ತಾರೆ. ನಮ್ಮಲ್ಲಿ ಆ ದರ್ಜೆಗಳೂ ಇಲ್ಲ, ಆ ಫಾರಮ್ಮೂ ಇಲ್ಲ. ನಾವು ಕೇಳಬೇಕಾದ್ದು ಬೇರೆ: ಆ ಆದೇಶವೇ ಸರಿಯಿಲ್ಲ ಅಂತ.

ಅದಕ್ಕೆ ನಿಮಗೊಂದು ದಾರಿ ಇದೆ. 2015ರ ಅಕ್ಟೋಬರ್‌ನಲ್ಲಿ ವೀರೇಂದ್ರ ಕುಮಾರ್ ದುಬೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ನಾಲ್ಕು ರೆಡ್ ಇಂಕ್ ಆದ ತಕ್ಷಣ ಜವಾನನನ್ನು ಕಳಿಸಿಬಿಡುವ ಹಾಗಿಲ್ಲ. ಸೇನಾ ಮುಖ್ಯ ಕಚೇರಿಯದೇ 1988ರ ಡಿಸೆಂಬರ್ 28ರ ಪತ್ರ ಇದೆ. ಅದರ ಪ್ರಕಾರ ಮೊದಲು ಒಂದು ವಿಚಾರಣೆ ಆಗಬೇಕು. ಎಷ್ಟು ವರ್ಷ ದುಡಿದ, ಎಂಥ ಕಷ್ಟದ ಜಾಗದಲ್ಲಿದ್ದ, ಪೆನ್ಷನ್ನಿಗೆ ಎಷ್ಟು ಹತ್ತಿರ ಇದ್ದಾನೆ, ಇದನ್ನೆಲ್ಲ ತೂಗಬೇಕು. ದುಬೆಗೆ ಹಿಂದಿನ ಸಂಬಳ ಸಿಗಲಿಲ್ಲ. ಆದರೆ ಪೆನ್ಷನ್ ಬರುವಷ್ಟು ಸೇವೆ ಆಗುವ ತನಕ ಅವನು ಸೇನೆಯಲ್ಲೇ ಇದ್ದ ಅಂತ ಕೋರ್ಟ್ ಎಣಿಸಿತು.

ಸುಮ್ನೆ ಆಸೆ ಹುಟ್ಟಿಸಲ್ಲ. 2019ರಲ್ಲಿ ಸತ್ಗುರ್ ಸಿಂಗ್ ಕೇಸಿನಲ್ಲಿ ಅದೇ ಕೋರ್ಟ್ ಪದೇ ಪದೇ ಗೈರಾದ ಜವಾನನ ಡಿಸ್ಚಾರ್ಜನ್ನು ಎತ್ತಿ ಹಿಡಿಯಿತು. ವಿಚಾರಣೆ ಅಂದರೆ ದೊಡ್ಡ ಕೋರ್ಟ್ ಆಫ್ ಎನ್‌ಕ್ವೈರಿಯೇ ಬೇಕು ಅಂತಿಲ್ಲ, ಶೋಕಾಸ್ ನೋಟಿಸಿಗೆ ಅವನು ಸರಿಯಾದ ಕಾರಣವನ್ನೇ ಹೇಳಿಲ್ಲ ಅಂತು. ಹಾಗಾಗಿ ನಿಮ್ಮ ಕೇಸು ನಿಂತಿರೋದು ಎರಡೇ ಕಾಗದದ ಮೇಲೆ. ಶೋಕಾಸ್‌ಗೆ ನೀವು ಬರೆದ ಉತ್ತರ, ಮತ್ತು ಅವರು ಮಾಡಿದ ವಿಚಾರಣೆ. ಅವು ಇಲ್ಲದೆ ಯಾವ ವಕೀಲನೂ ನಿಮಗೆ ಹೌದು ಅನ್ನಬಾರದು. ಅಂದರೆ ಫೀಸಿಗಾಗಿ ಅಂತ ತಿಳಿಯಿರಿ.

ಹೋಗಬೇಕಾದ್ದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ, ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. ನಮ್ಮ ಕಲಬುರಗಿ ಹೈಕೋರ್ಟ್ ಪೀಠ ಹತ್ತಿರ ಇದೆ ಅಂತ ಜನ ಮೊದಲು ಇಲ್ಲಿಗೆ ಬರುತ್ತಾರೆ, ಆದರೆ ಸೇವೆಯ ವಿಷಯಕ್ಕೆ ಮೊದಲ ಬಾಗಿಲು ಆ ನ್ಯಾಯಮಂಡಳಿಯೇ. ಸೇನೆಯ ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕು. ನಿಮ್ಮದು ಹತ್ತು ವರ್ಷ ಮೀರಿದೆ. ತಡ ಮನ್ನಿಸಿ ಅಂತ ಬೇರೆ ಅರ್ಜಿ ಕೊಡಬಹುದು, ಗಟ್ಟಿ ಕಾರಣ ಬೇಕು. ನಿಜ ಹೇಳಬೇಕೆಂದರೆ ಇದೇ ನಿಮ್ಮ ದೊಡ್ಡ ಗೋಡೆ.

ಆದರೆ 14 ವರ್ಷ 4 ತಿಂಗಳು ಅಂದಿರಲ್ಲ, ಅದನ್ನು ಓದಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಜವಾನನ ಪೆನ್ಷನ್ನಿಗೆ 15 ವರ್ಷ ಬೇಕು. ನಿಮಗೆ ಕಡಿಮೆ ಬಿದ್ದಿದ್ದು ಎಂಟು ತಿಂಗಳು. ಒಂದು ವರ್ಷದೊಳಗಿನ ಕೊರತೆಯನ್ನು ಮನ್ನಿಸಲು ಪೆನ್ಷನ್ ನಿಯಮದಲ್ಲೇ ಅವಕಾಶ ಇದೆ. ತಾನಾಗಿ ಬಿಟ್ಟು ಬಂದವರನ್ನು ಅದರಿಂದ ಹೊರಗಿಟ್ಟಿದ್ದಾರೆ, ನೀವು ತಾನಾಗಿ ಬಂದವರಲ್ಲ. ಇನ್ನು ಪೆನ್ಷನ್ ಅನ್ನೋದು ತಿಂಗಳು ತಿಂಗಳು ಹುಟ್ಟುವ ಹಕ್ಕು. ಅಂಥ ಕೇಸಿನಲ್ಲಿ ತಡ ಆದರೂ ಬಾಗಿಲು ಪೂರ್ತಿ ಮುಚ್ಚಲ್ಲ, ಸಾಮಾನ್ಯವಾಗಿ ಹಿಂಬಾಕಿ ಮಾತ್ರ ಮೂರು ವರ್ಷಕ್ಕೆ ಕಡಿಯುತ್ತಾರೆ. 2008ರ ತರ್ಸೇಮ್ ಸಿಂಗ್ ತೀರ್ಪು ನೋಡಿ. ಕೊರತೆ ಮನ್ನಿಸಿ ಅಂತ ರೆಕಾರ್ಡ್ಸ್ ಆಫೀಸಿಗೆ ಈಗಲೇ ಬರೆಯಿರಿ. ಕೊಡಲ್ಲ ಅಂದರೆ ಆ ಉತ್ತರವೇ ನಿಮ್ಮ ಕೈಗೆ ಸಿಗುವ ಹೊಸ ಆದೇಶ.

ಜೊತೆಗೆ ಆರ್‌ಟಿಐ ಹಾಕಿ. ಕಂಡಕ್ಟ್ ಶೀಟ್, ಶೋಕಾಸ್, ನಿಮ್ಮ ಉತ್ತರ, ವಿಚಾರಣೆ, ಡಿಸ್ಚಾರ್ಜ್ ಆದೇಶ, ಎಲ್ಲದರ ನಕಲು ಕೇಳಿ. ಪೆನ್ಷನ್ ಇಲ್ಲದವರ ಕಾಗದವನ್ನು 25 ವರ್ಷ ಇಟ್ಟು ನಾಶ ಮಾಡುತ್ತಾರೆ. ನಿಮ್ಮವು ಇನ್ನೂ ಇರಬೇಕು.

ಶಹಾಪುರದ ಸಿಪಾಯಿ

ರಾತ್ರಿ ಮಗಳನ್ನು ಕೂರಿಸಿಕೊಂಡು ಟ್ರಂಕ್ ತೆಗೆದೆ. ಬುಕ್ಕಿನ ಒಂದು ಮೂಲೆ ಇಲಿ ತಿಂದಿದೆ, ಅಕ್ಷರ ಉಳಿದಿವೆ. ಅವಳೇ ಓದಿದಳು. ಡಿಸ್ಮಿಸ್ ಅಂತ ಎಲ್ಲೂ ಇಲ್ಲ. 'ಡಿಸ್ಚಾರ್ಜ್, ರೂಲ್ 13(3), ಸರ್ವಿಸಸ್ ನೋ ಲಾಂಗರ್ ರಿಕ್ವೈರ್ಡ್.' ಕ್ಯಾರೆಕ್ಟರ್ ಮುಂದೆ 'ಫೇರ್'. ಅದು 'ಬ್ಯಾಡ್' ಇರುತ್ತೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಕನ್ನಡದ ಹಾಳೆ ಇಲ್ಲ. ಹವಾಲ್ದಾರ್ ಸಾಹೇಬರೇ, ಗ್ರಾಚುಟಿ ಬಂದಿತ್ತು. ಪಾಸ್‌ಬುಕ್ಕಿನಲ್ಲಿ ನೋಡಿದೆ. ಅದರಲ್ಲೇ ಅಪ್ಪನ ಆಸ್ಪತ್ರೆ ಸಾಲ ತೀರಿಸಿದ್ದು.

ಕೋರ್ಟ್ ರಸ್ತೆಯವರೇ, ಶೋಕಾಸ್‌ಗೆ ನಾನು ಬರೆದ ಉತ್ತರ ನೆನಪಿದೆ. ನಾನು ಬರೆದದ್ದಲ್ಲ, ಕ್ಲಾರ್ಕ್ ಬರೆದ, ನಾನು ಸಹಿ ಹಾಕಿದೆ. ಹಿಂದಿಯಲ್ಲಿ ಒಂದೇ ಸಾಲು, ತಪ್ಪಾಗಿದೆ ಮಾಫ್ ಮಾಡಿ ಅಂತ. ಅಪ್ಪನದಾಗಲಿ ಆಸ್ಪತ್ರೆಯದಾಗಲಿ ಒಂದು ಮಾತಿಲ್ಲ. ಇದು ಕೇಸು ಕೆಡಿಸುತ್ತಾ?

ಬೀದರ್ ಸಾಹೇಬರೇ, ನನ್ನ ಡ್ಯೂಟಿ ಮಾಡಿದ್ದು ಗದಗ ಕಡೆಯ ಹುಡುಗ. ಎರಡು ರಾತ್ರಿ ಒಟ್ಟೊಟ್ಟಿಗೆ ನಿಂತಿದ್ದ. ಅವನಿಗೆ ಇವತ್ತಿಗೂ ಮುಖ ಕೊಟ್ಟು ಮಾತಾಡಿಲ್ಲ.

ಕೋರ್ಟ್ ರಸ್ತೆ, ಕಲಬುರಗಿ

ಒಂದೇ ಸಾಲು ಅಂದರೆ ಕಷ್ಟ ಇದೆ, ಸುಳ್ಳು ಹೇಳಲ್ಲ. ಆದರೆ ಪೆನ್ಷನ್ ಕೊರತೆಯ ಅರ್ಜಿಗೆ ಅದು ಅಷ್ಟಾಗಿ ಅಡ್ಡ ಬರಲ್ಲ. ಅದನ್ನು ಮೊದಲು ಹಾಕಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅಪ್ಪನ ಮರಣ ಪತ್ರ ಎರಡನ್ನೂ ಹುಡುಕಿ ಇಡಿ. ತಾರೀಖು ನಿಮ್ಮ ಗೈರಿಗೆ ಹೊಂದಿದರೆ ಕೆಲಸಕ್ಕೆ ಬರುತ್ತೆ.

ಶಹಾಪುರದ ಸಿಪಾಯಿ

ಮರಣ ಪತ್ರ ಇದೆ. ಆಸ್ಪತ್ರೆ ಚೀಟಿ ಅಮ್ಮನ ಹತ್ತಿರ ಇರಬೇಕು, ಅವಳು ಏನನ್ನೂ ಎಸೆಯಲ್ಲ. ನಾಳೆ ಪೋಸ್ಟಾಫೀಸಿಗೆ ಹೋಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತರುತ್ತೇನೆ. ಅರ್ಜಿ ಮಗಳು ಬರೆಯುತ್ತಿದ್ದಾಳೆ. ಆರ್ಮಿ ನಂಬರ್ ಎಷ್ಟಪ್ಪ ಅಂತ ಕೇಳಿದಳು, ಬುಕ್ಕು ನೋಡದೇ ಹೇಳಿದೆ.