‘ಯಂಗ್ ಅಡಲ್ಟ್’ ಓದಿಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಹರಟೆ, ಲಹರಿ, ಲೋಕಾಭಿರಾಮ

ಎರಡು ವಾರದಿಂದ ಎರಡು ಪದಗಳಿಗೆ ಸಿಕ್ಕಿಹಾಕಿಕೊಂಡಿದ್ದೇನೆ, ಗೊತ್ತಿರುವವರು ಬಿಡಿಸಿಕೊಡಿ.

ನಾನು ಓದುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ‘ಯಂಗ್ ಅಡಲ್ಟ್’ ಅನ್ನೋ ಹಣೆಪಟ್ಟಿಯವು, ಅಂದರೆ ಮಕ್ಕಳೂ ಅಲ್ಲದ ದೊಡ್ಡವರೂ ಅಲ್ಲದ ವಯಸ್ಸಿನವರಿಗಾಗಿ ಬರೆದವು. ನನಗೆ ನಲವತ್ತು ದಾಟಿದೆ, ಆ ಮಾತು ಬೇರೆ. ಆ ಪುಸ್ತಕಗಳ ಬಗ್ಗೆ, ಮತ್ತೆ ದಿನಾ ತಲೆಯೊಳಗೆ ಸುಮ್ನೆ ಓಡಾಡುವ ಸಣ್ಣಪುಟ್ಟ ಸಂಗತಿಗಳ ಬಗ್ಗೆ ಕನ್ನಡದಲ್ಲಿ ಬರೆಯೋಣ ಅಂತ ಕೂತೆ. ನಾಲ್ಕು ಬರಹ ಆಗಿವೆ. ಮೇಲೆ ಹಾಕಲು ಹೆಸರು ಮಾತ್ರ ಇಲ್ಲ.

‘ಯುವ ವಯಸ್ಕ’ ಅನ್ನೋದನ್ನು ಮೊದಲೇ ತಳ್ಳಿಬಿಟ್ಟೆ. ವಯಸ್ಕ ಅಂದ ಕೂಡಲೇ ನೆನಪಾಗೋದು ಒಂದೋ ವಯಸ್ಕರ ಶಿಕ್ಷಣ, ಇಲ್ಲವೇ ‘ವಯಸ್ಕರಿಗೆ ಮಾತ್ರ’ ಅನ್ನೋ ಸಿನಿಮಾ ಪೋಸ್ಟರು. ಹದಿನಾಲ್ಕರ ಹುಡುಗಿಯ ಕೈಗೆ ಕೊಡುವ ಪುಸ್ತಕಕ್ಕೆ ಎರಡೂ ಬೇಡ.

ಹಾಗೆ ನೋಡಿದರೆ ಇಂಗ್ಲಿಷಿನಲ್ಲೂ ಈ ಹೆಸರು ಅಷ್ಟೇನೂ ನೆಟ್ಟಗಿಲ್ಲ. ಇದನ್ನು ಬಳಕೆಯಲ್ಲಿ ಊರಿಸಿದ್ದರಲ್ಲಿ ಗ್ರಂಥಾಲಯದವರ ಪಾಲು ದೊಡ್ಡದು. ಅಮೆರಿಕದ ಗ್ರಂಥಾಲಯ ಸಂಘ 1957ರಲ್ಲಿ ಈ ವಯಸ್ಸಿನ ಓದುಗರಿಗಾಗಿ ಬೇರೆಯೇ ವಿಭಾಗ ಮಾಡಿತು. ಆ ವಿಭಾಗ ಹೇಳುವ ವಯಸ್ಸು 12ರಿಂದ 18. ಹನ್ನೆರಡರ ಮಗುವನ್ನು ಯಾವ ಮನೆಯಲ್ಲಿ ಅಡಲ್ಟ್ ಅಂತಾರೆ? ಇನ್ನೊಂದು ತಮಾಷೆ, ಅಡೊಲೆಸೆಂಟ್ ಮತ್ತು ಅಡಲ್ಟ್ ಎರಡೂ ಲ್ಯಾಟಿನ್ನಿನ ಒಂದೇ ಕ್ರಿಯಾಪದದಿಂದ ಬಂದವು, ಮೊದಲನೆಯದು ‘ಬೆಳೆಯುತ್ತಿರುವ’, ಎರಡನೆಯದು ‘ಬೆಳೆದ’. ಅಂದರೆ ನಮ್ಮ ‘ಬೆಳೆಯುವ ಹುಡುಗ’, ‘ಬೆಳೆದ ಹುಡುಗ’ ಇದ್ದ ಹಾಗೇ. ಕನ್ನಡದ ‘ಬೆಳೆದ ಹುಡುಗ’ದಲ್ಲಿ ಮಾತ್ರ ಸ್ವಲ್ಪ ಎಚ್ಚರಿಕೆಯ ದನಿ ಸೇರಿಕೊಂಡಿದೆ: ಬೆಳೆದ ಹುಡುಗನ ಮೇಲೆ ಕೈ ಮಾಡಬೇಡಿ ಅಂತಾರಲ್ಲ, ಹಾಗೆ.

ಸರಿ, ‘ಹದಿಹರೆಯ’ ಇದೆಯಲ್ಲ ಅಂತೀರಿ. ಒಳ್ಳೆಯ ಪದವೇ. ಟೀನ್ ಇರುವ ಕಡೆ ಹದಿ ಬಂದು ಅಚ್ಚುಕಟ್ಟಾಗಿ ಕೂತಿದೆ, ಹದಿಮೂರರಿಂದ ಹದಿನೆಂಟರವರೆಗೆ. ಹತ್ತೊಂಬತ್ತು ಮಾತ್ರ ಹೊರಗೆ! ಇಂಗ್ಲಿಷಿನಲ್ಲಿ ಹತ್ತೊಂಬತ್ತರವರೂ ಟೀನೇಜರು, ನಮ್ಮಲ್ಲಿ ಎಣಿಕೆಯೇ ಒಂದು ವರ್ಷ ಮೊದಲು ಬಾಗಿಲು ಹಾಕಿಬಿಡುತ್ತದೆ. ಅದು ಹೋಗಲಿ. ನನ್ನ ತಕರಾರು ವಾಸನೆಯದು. ಈ ಪದ ಪತ್ರಿಕೆಗಳ ಸಲಹೆ ಅಂಕಣದಲ್ಲಿ ಎಷ್ಟು ದಿನ ಕೂತಿದೆ ಅಂದರೆ, ಹದಿಹರೆಯ ಅಂದರೆ ಅದರ ಬಾಲಕ್ಕೆ ‘ಸಮಸ್ಯೆಗಳು’ ತಾನಾಗಿ ಅಂಟಿಕೊಳ್ಳುತ್ತದೆ. ಅಕ್ಕನ ಮಗಳಿಗೆ ಹದಿನಾರು. ‘ಹದಿಹರೆಯದ ಓದು’ ಅಂತ ಇಡಲಾ ಅಂತ ಕೇಳಿದೆ. “ಬೇಡ ಚಿಕ್ಕಮ್ಮ, ಮೊಡವೆಗೆ ಔಷಧಿ ಹೇಳ್ತಾರೇನೋ ಅನ್ಸತ್ತೆ” ಅಂದಳು. ಯಾರ ಪುಸ್ತಕವೋ ಅವರಿಗೇ ಹೆಸರು ಮುಜುಗರ ತಂದರೆ ಏನು ಉಪಯೋಗ?

‘ಪ್ರಾಯ’ ನೋಡಿದೆ, ಇನ್ನೂ ಗೋಜಲು. ‘ಪ್ರಾಯದ ಹುಡುಗ’ ಅಂದರೆ ಎಳೆ ವಯಸ್ಸಿನವನು. ಕರಾವಳಿ ಕಡೆಯವರು ‘ಅವರಿಗೆ ಪ್ರಾಯ ಆಯ್ತು’ ಅಂದರೆ ಮುದುಕರಾದರು ಅಂತ. ವಯಸ್ಸಿನ ಕಥೆಯೂ ಅದೇ. ‘ವಯಸ್ಸಿಗೆ ಬಂದಳು’ ಅಂದರೆ ಒಂದು, ‘ವಯಸ್ಸಾಯ್ತು’ ಅಂದರೆ ಪೂರ್ತಿ ಇನ್ನೊಂದು ತುದಿ. ನಡುವೆ ನಲವತ್ತು ವರ್ಷದ ಅಂತರ, ಬದಲಾಗಿದ್ದು ಒಂದು ಕ್ರಿಯಾಪದ ಅಷ್ಟೆ.

ಹಿಂದಿ, ಮರಾಠಿ, ಬಂಗಾಳಿಯವರಿಗೆ ‘ಕಿಶೋರ ಸಾಹಿತ್ಯ’ ಅಂತ ಆರಾಮಾಗಿ ಒಗ್ಗಿದೆ. ಸಂಸ್ಕೃತದಲ್ಲಿ ಕಿಶೋರ ಅಂದರೆ ಕುದುರೆ ಮರಿಯೂ ಹೌದು, ಅದು ನನಗೆ ಬಹಳ ಇಷ್ಟವಾಯಿತು. ಆದರೆ ಕನ್ನಡದಲ್ಲಿ ಕಿಶೋರ ಅಂತ ಕೂಗಿದರೆ ಯಾರಾದರೂ ತಿರುಗಿ ನೋಡ್ತಾರೆ. ಅದು ಹೆಸರಾಗಿಯೇ ಹೆಚ್ಚು ಬಳಕೆ, ‘ಕಿಶೋರಿ’ ಸರ್ಕಾರಿ ಯೋಜನೆಗಳ ಪಾಲು.

ಹಾಗಾದರೆ ಈ ನಡುವಿನ ಹಂತಕ್ಕೆ ನಮ್ಮಲ್ಲಿ ಪದವೇ ಇಲ್ಲವಾ ಅಂದರೆ, ಮನುಷ್ಯರನ್ನು ಬಿಟ್ಟು ಉಳಿದದ್ದಕ್ಕೆಲ್ಲ ಇದೆ. ಕರುವೂ ಅಲ್ಲದ, ಇನ್ನೂ ಕರು ಹಾಕದ ಹಸುವಿಗೆ ಮಣಕ, ಕಡಸು. ಮಾವಿಗೆ ಮಿಡಿ, ಕಾಯಿ, ಆಮೇಲೆ ದೋರೆಗಾಯಿ, ಆಮೇಲೆ ಹಣ್ಣು. ಈ ದೋರೆಗಾಯಿಯೇ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಪೂರ್ತಿ ಹುಳಿಯಲ್ಲ, ಪೂರ್ತಿ ಸಿಹಿಯಲ್ಲ, ಹಣ್ಣಾಗುವವರೆಗೆ ಕಾಯಲಾರದೆ ತಿನ್ನುವುದು. ಈ ಪುಸ್ತಕಗಳ ರುಚಿ ಸರಿಯಾಗಿ ಅದೇ. ‘ಎಳಸು’ ಅಂದರೆ ಬೈಗುಳ ಆಗುತ್ತದೆ, ದೋರೆಗಾಯಿಯಲ್ಲಿ ಆ ತಾತ್ಸಾರ ಇಲ್ಲ, ಅಲ್ವಾ?

ಇನ್ನೊಂದು ಸಣ್ಣ ವ್ಯಾಕರಣದ ಮಾತು. ‘ಹರೆಯದವರ ಓದು’ ಅಂದರೆ ನಾನು ಹೊರಗೆ. ‘ಹರೆಯದ ಓದು’ ಅಂದರೆ ಒಳಗೆ ಬರಬಹುದು, ಯಾಕಂದರೆ ಅಲ್ಲಿ ಹರೆಯ ಓದಿನದು, ಓದುವವಳದ್ದಲ್ಲ. ‘ಮಕ್ಕಳ ಕಥೆ’ಯಲ್ಲೂ ಇದೇ ತೊಡಕು: ಮಕ್ಕಳಿಗಾಗಿ ಬರೆದದ್ದಾ, ಮಕ್ಕಳೇ ಬರೆದದ್ದಾ, ಮಕ್ಕಳ ಬಗ್ಗೆಯಾ? ಮೂರಕ್ಕೂ ಒಂದೇ ವಿಭಕ್ತಿ ದುಡಿಯುತ್ತಿದೆ.

ಎರಡನೆಯ ಪದ ‘ಮ್ಯೂಸಿಂಗ್ಸ್’, ಅಂದರೆ ಮೊದಲು ಹೇಳಿದೆನಲ್ಲ, ತಲೆಯೊಳಗೆ ಸುಮ್ನೆ ಓಡಾಡುವ ಸಂಗತಿಗಳು, ಅವುಗಳ ಬರಹಕ್ಕೆ ಇಂಗ್ಲಿಷಿನ ಹೆಸರು. ಇದಕ್ಕೆ ಪದಗಳು ಜಾಸ್ತಿಯೇ ಇವೆ, ಒಂದೂ ಹೊಂದುವುದಿಲ್ಲ. ‘ಚಿಂತನೆ’ ಅಂದರೆ ಬೆಳಗಿನ ರೇಡಿಯೊದ ಉಪದೇಶ. ‘ಮೆಲುಕು’ ಆಗಿಹೋದದ್ದಕ್ಕೆ ಮಾತ್ರ, ಇವತ್ತು ತೋಚಿದ್ದನ್ನು ಮೆಲುಕು ಹಾಕಲು ಬರುವುದಿಲ್ಲ. ‘ಕನವರಿಕೆ’ ನಿದ್ದೆಯದ್ದು. ‘ದಿನಚರಿ’ ಅಂದರೆ ಎಷ್ಟು ಗಂಟೆಗೆ ಎದ್ದೆ ಅನ್ನೋದನ್ನೂ ಬರೆಯಬೇಕೇನೋ. ‘ಲಹರಿ’ ಚೆನ್ನಾಗಿದೆ, ಆದರೆ ಕವಿಗಳು ಬಳಸಿ ಬಳಸಿ ಸವೆಸಿದ್ದಾರೆ. ‘ಹರಟೆ’ಗೆ ಎದುರಿಗೆ ಇನ್ನೊಬ್ಬರು ಬೇಕು. ಒಬ್ಬಳೇ ಹರಟಿದರೆ ತಲೆಹರಟೆ ಅಂತಾರೆ.

ಉಳಿದದ್ದು ‘ಲೋಕಾಭಿರಾಮ’. ‘ಲೋಕಾಭಿರಾಮವಾಗಿ ಮಾತಾಡ್ತಾ ಕೂತಿದ್ವಿ’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಪದದ ಮೂಲ ಅರ್ಥ ‘ಲೋಕಕ್ಕೆ ಹಿತವಾದವನು’, ರಾಮನ ವಿಶೇಷಣ. ಅದು ಯಾವಾಗ ಜಗಲಿಗೆ ಇಳಿದು ಕಾಡುಹರಟೆಯ ಪಕ್ಕ ಕೂತಿತೋ!

ಈಗ ನನ್ನ ಪ್ರಶ್ನೆಗಳು. ದೋರೆಗಾಯಿ (ಕೆಲವರ ಬಾಯಲ್ಲಿ ದ್ವಾರಗಾಯಿ) ನಿಮ್ಮ ಕಡೆ ಇನ್ನೂ ಮಾತಿನಲ್ಲಿ ಇದೆಯಾ? ಮಾವನ್ನು ಬಿಟ್ಟು ಮನುಷ್ಯರ ಬಗ್ಗೆ ಅದನ್ನು ಯಾರಾದರೂ ಹೇಳಿದ್ದು ಕೇಳಿದ್ದೀರಾ, ಕೇಳಿದ್ದರೆ ಹೊಗಳಿಕೆಗಾ, ಬೈಗುಳಕ್ಕಾ? ಲೋಕಾಭಿರಾಮವನ್ನು ನಾಮಪದವಾಗಿ, ‘ಇವತ್ತಿನ ಲೋಕಾಭಿರಾಮ’ ಅಂತ ಬರೆದರೆ ಕಿವಿಗೆ ಒರಟಾಗುತ್ತದಾ? ‘ಆಗಿ’ ಇಲ್ಲದೆ ಅದು ನಿಲ್ಲುತ್ತದೋ ಇಲ್ಲವೋ ಅನ್ನೋದೇ ನನ್ನ ಅನುಮಾನ. ಅಕ್ಕನ ಮಗಳು ‘ದೋರೆಗಾಯಿ’ ಕೇಳಿ ನಕ್ಕಳು, ಬೇಡ ಅಂತ ಮಾತ್ರ ಹೇಳಲಿಲ್ಲ.