ಸಹಾಯ ಬೇಕು: ಸಿಂಕ್ಲೇರ್ ಸ್ಪೆಕ್ಟ್ರಮ್ ಕಂಪ್ಯೂಟರ್‌ಗಳಿಗೆ ಮನೆಯಲ್ಲೇ ತಯಾರಿಸಿದ ನೆಟ್‌ವರ್ಕ್ ಕೇಬಲ್

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗಳಿವೆ (1980ರ ದಶಕದ ಮನೆಬಳಕೆಯ ಕಂಪ್ಯೂಟರ್), ಎರಡಕ್ಕೂ ಜಾಲಕ್ಕೆ ಜೋಡಿಸುವ 1983ರ ಹೆಚ್ಚುವರಿ ಪೆಟ್ಟಿಗೆ ಇಂಟರ್‌ಫೇಸ್ 1 ಇದೆ. ಹೆಡ್‌ಫೋನಿನಂಥ 3.5 ಮಿ.ಮೀ. ಮಾನೋ ಪಿನ್, ಎರಡೇ ತಂತಿ. ಅಷ್ಟರಲ್ಲೇ 64 ಕಂಪ್ಯೂಟರ್‌ಗಳವರೆಗೆ ಜೋಡಿಸಬಹುದಾದ ಜಾಲವಿದು. ಅಂದಿನ ಅಗ್ಗದ ಯಂತ್ರಕ್ಕೆ ಇಂಥ ಸೌಲಭ್ಯ ಕೊಟ್ಟವರ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವ.

ಒಂದು ಪದರ ಶೀಲ್ಡ್ (ಒಳತಂತಿಯನ್ನು ಸುತ್ತುವ ಲೋಹದ ಹೊದಿಕೆ) ಇರುವ ಆಡಿಯೋ ಕೇಬಲ್ ತಂದು, ಎರಡೂ ತುದಿಗೆ ಮಾನೋ ಪಿನ್ ಬೆಸುಗೆ ಹಾಕಿದ್ದೇನೆ. ಒಂದು ಪಿನ್ನಿನ ಮೊನೆಗೆ ಇನ್ನೊಂದರ ಮೊನೆ, ಶೀಲ್ಡ್‌ಗೆ ಶೀಲ್ಡ್. ಮಲ್ಟಿಮೀಟರ್‌ನಲ್ಲಿ ನೋಡಿದರೆ ಎಲ್ಲೂ ಶಾರ್ಟ್ ಇಲ್ಲ. ಫಾರ್ಮ್ಯಾಟ್ ಆದೇಶದಿಂದ ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಸಂಖ್ಯೆ ಕೊಟ್ಟಿದ್ದೇನೆ. ಪ್ರತಿ ಇಂಟರ್‌ಫೇಸ್‌ನಲ್ಲೂ ಎರಡು ಜಾಲದ ಸಾಕೆಟ್‌ಗಳಿವೆ; ಜಾಲ ಉಂಗುರವಾಗಬಾರದೆಂದು ಎರಡೂ ಕೊನೆಯ ಸಾಕೆಟ್‌ಗಳನ್ನು ಖಾಲಿ ಬಿಟ್ಟಿದ್ದೇನೆ.

ಗಿಡ್ಡ ಕೇಬಲ್‌ನಲ್ಲಿ ಎಲ್ಲವೂ ಸರಾಗ. ಕೋಣೆಯಿಂದ ಕೋಣೆಗೆ ಎಳೆದ ಉದ್ದನೆಯದರಲ್ಲಿ ಮಾತ್ರ ಚಿಕ್ಕ ಬೇಸಿಕ್ ಪ್ರೋಗ್ರಾಂ ದಾಟುತ್ತದೆ, ಪರದೆಯ ಚಿತ್ರ ಕಳಿಸಿದರೆ ನಡುವೆಯೇ ನಿಂತುಬಿಡುತ್ತದೆ. ವೇಗ ಸೆಕೆಂಡಿಗೆ ಸುಮಾರು 1 ಲಕ್ಷ ಬಿಟ್. ಕೇಬಲ್‌ನ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಸಂಕೇತದ ಅಂಚುಗಳನ್ನು ಮಂದಗೊಳಿಸುತ್ತಿದೆಯೇ ಎಂಬುದು ನನ್ನ ಅನುಮಾನ.

ಕೆಪ್ಯಾಸಿಟೆನ್ಸ್ ಕಡಿಮೆಯಿರುವ ಕೋಆಕ್ಸಿಯಲ್ ತಂತಿ ಹಾಕಿದರೆ ಸರಿಹೋದೀತೇ? ಅಥವಾ ಲ್ಯಾನ್ ಕೇಬಲ್ಲಿನ ಒಂದು ಹೆಣೆದ ಜೋಡಿಯೇ ಸಾಕೇ? ಬಳಸಿ ನೋಡಿದವರು ತಂತಿಯ ಬಗೆ ಮತ್ತು ಉದ್ದ ತಿಳಿಸಿದರೆ ದೊಡ್ಡ ಉಪಕಾರ. ಆಸಿಲೋಸ್ಕೋಪ್ (ಸಂಕೇತದ ಆಕಾರವನ್ನು ಪರದೆಯಲ್ಲಿ ತೋರಿಸುವ ಉಪಕರಣ) ಇರುವವರು ಬೆಂಗಳೂರಿನಲ್ಲಿದ್ದರೆ ಯಂತ್ರಗಳನ್ನು ಹೊತ್ತು ನಾನೇ ಬರುತ್ತೇನೆ.